ಸೈಫನ್ ಬಾಯಿಗೆ ಬಂದ ಟಿವಿಗಳು

ನೀರು ಬಿಡುವ ಮೊದಲು ಒಣಗಿದ ಕಾಲುವೆಯೊಳಗೆ ಇಳಿದು ಉದ್ದಕ್ಕೂ ನಡೆದು ನೋಡಬೇಕು. ಜೀಪಿನಲ್ಲಿ ಕುಳಿತು ದಂಡೆಯ ಮೇಲೆ ಹೋದರೆ ಕಾಣುವುದು ಬರೀ ಜಾಲಿ ಗಿಡ. ಒಳಗೆ ನಡೆದರೆ ಮಾತ್ರ ಎಲ್ಲಿ ಕಲ್ಲಿನ ಹಾಸು ಕಿತ್ತಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ಯಾರೋ ಕಳ್ಳತನದಿಂದ ಪೈಪು ಕೂರಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ಗಂಗಾವತಿ ಕಡೆಯ ಒಂದು ವಿತರಣಾ ಕಾಲುವೆ ಕಿರಿಯ ಎಂಜಿನಿಯರಾಗಿದ್ದ ನನ್ನ ಉಸ್ತುವಾರಿಗೆ ಬಂದ ಮೊದಲ ವರ್ಷ ಅದು. ನಾನು ತಳಕಲ್ ಸೀಮೆಯವಳು. ನಮ್ಮಲ್ಲಿ ನೀರೆಂದರೆ ಕೊಡದಲ್ಲಿ ಎಣಿಸಿ ಬಳಸುವ ವಸ್ತು. ಅದು ಆಳೆತ್ತರ ಮೀರಿ ತುಂಬಿ ಹರಿಯುವುದು, ಅಷ್ಟನ್ನೂ ಎರಡು ಮಣ್ಣಿನ ದಂಡೆಗಳು ಹಿಡಿದು ನಿಲ್ಲಿಸಿರುವುದು ನನಗೆ ಆಗಿನ್ನೂ ರೂಢಿಯಾಗಿರಲಿಲ್ಲ.

ನನ್ನ ಜೊತೆ ಇದ್ದವರು ನಮ್ಮ ಲಸ್ಕರ್. ಗೇಟು ಎತ್ತುವುದು, ಇಳಿಸುವುದು, ಕಾಲುವೆ ಕಾಯುವುದು ಲಸ್ಕರನ ಕೆಲಸ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರಿನ ಹೊರಗೆ ಕಾಲುವೆ ಎಡಕ್ಕೆ ತಿರುಗುವ ಕಡೆ ಇಬ್ಬರೂ ನಿಂತುಬಿಟ್ಟೆವು. ಕಾಲುವೆಯ ತಳವೇ ಕಾಣುತ್ತಿರಲಿಲ್ಲ. ಹಳೆಯ ಡಬ್ಬಿ ಟಿವಿಗಳು, ತುಕ್ಕು ಹಿಡಿದ ಕೂಲರ್‌ಗಳು, ಬಾಗಿಲು ಜೋತುಬಿದ್ದ ಫ್ರಿಜ್ಜುಗಳು, ಹರಿದ ಸೋಫಾ, ಹತ್ತಿ ಹೊರಬಂದ ಗಾದಿಗಳು. ಒಂದು ಟಿವಿ ಮಕಾಡೆ ಬಿದ್ದಿತ್ತು, ಇನ್ನೊಂದು ನಮ್ಮ ಕಡೆಗೇ ಮುಖ ಮಾಡಿ ಕುಳಿತಿತ್ತು. ಅದರ ಗಾಜಿನಲ್ಲಿ ನಾವಿಬ್ಬರೂ ಬೂದುಬಣ್ಣದಲ್ಲಿ ಕಂಡೆವು.

"ಹೋದ ವರ್ಷ ಒಂದೋ ಎರಡೋ ಇದ್ವುರಿ," ಎಂದರು ಕಾಕಾ. "ಈಗ ಎಲ್ಲಾರೂ ಗ್ವಾಡಿಗೆ ಹಾಕೋ ಟಿವಿ ತಂದಾರ. ಹಳೇದನ್ನ ಮನ್ಯಾಗ ಎಲ್ಲೆ ಇಟ್ಕೋತಾರ? ನೀರು ಬಂದ್ರ ತಾನೇ ಒಯ್ತೈತಿ ಅಂತ ಇಲ್ಲಿ ಒಗದಾರ."

"ಎಲ್ಲಿಗೆ ಒಯ್ತೈತಿ ಕಾಕಾ?"

ಅವರು ಕಾಲುವೆ ಹೋಗುವ ದಿಕ್ಕಿಗೆ ಕೈ ತೋರಿಸಿದರು. ಅಲ್ಲಿ ಸೈಫನ್ ಇತ್ತು.

ನಮ್ಮ ಕಾಲುವೆಗೆ ಮುಂದೆ ಒಂದು ಹಳ್ಳ ಅಡ್ಡ ಬರುತ್ತದೆ. ಹಳ್ಳವನ್ನು ದಾಟಲು ಕಾಲುವೆಯ ನೀರು ನೆಲದೊಳಗಿನ ಎರಡು ಕಾಂಕ್ರೀಟ್ ಕೊಳವೆಗಳಿಗೆ ಇಳಿದು, ಹಳ್ಳದ ಅಡಿಯಿಂದ ಹಾದು, ಆಚೆ ದಂಡೆಯಲ್ಲಿ ಮತ್ತೆ ಮೇಲೇಳುತ್ತದೆ. ಇದೇ ಸೈಫನ್. ಅದರ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇರುತ್ತದೆ. ಸೊಪ್ಪು ಸದೆ ಬಂದು ಜಾಲರಿಗೆ ತಗುಲಿದರೆ ಬಿದಿರಿನ ಕೊಕ್ಕೆಯಿಂದ ಎಳೆದು ಹಾಕಬಹುದು. ಸೋಫಾ ಬಂದು ತಗುಲಿದರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಸೈಫನ್ನಿಗೆ ಬರುವ ಮುಂಚಿನ ಹಾದಿಯಲ್ಲಿ ಕಾಲುವೆ ನೆಲಕ್ಕಿಂತ ಎತ್ತರದಲ್ಲಿ, ಏರಿಯ ಮೇಲೆ ಹರಿಯುತ್ತದೆ. ಏರಿಯ ಬುಡದಲ್ಲೇ ಒಂದು ಹಳ್ಳಿ. ಕಾಲುವೆಯ ದಂಡೆಯ ಮೇಲೆ ನಿಂತರೆ ಆ ಹಳ್ಳಿಯ ಮನೆಗಳ ಮಾಳಿಗೆಗಳು ನಮ್ಮ ಕಾಲಿಗಿಂತ ಕೆಳಗೆ ಕಾಣುತ್ತಿದ್ದವು.

ಮೊದಲು ಗುಜರಿಯವನನ್ನು ಕರೆಸಿದೆ. ಅವನು ರಾಶಿಯ ಸುತ್ತ ಒಂದು ಸುತ್ತು ಹಾಕಿ ತಲೆಯಾಡಿಸಿದ.

"ಫ್ರಿಜ್ಜಿನ ಮೋಟರ್ ಎಲ್ಲಾ ಆಗ್ಲೇ ಬಿಚ್ಚಿಕೊಂಡ್ ಹೋಗ್ಯಾರ್ರಿ ಮೇಡಂ. ಡಬ್ಬಿ ಟಿವಿ ನಾವು ಮುಟ್ಟೂದಿಲ್ಲ. ಹಿಂದಿನ ತಾಮ್ರದ ಸುರುಳಿ ತಗೊಂಡ್ರ ಮುಗೀತು, ಆ ಗಾಜಿನ ಬುರುಡಿ ಯಾರಿಗೆ ಬೇಕ್ರಿ? ಅದರಾಗ ಸೀಸಾ ಇರ್ತೈತಂತ. ಒಡದ್ರ ಬಾಂಬ್ ಸಿಡದಂಗ ಸಿಡಿತೈತಿ."

ಊರಿನ ಕಸ ನೋಡಿಕೊಳ್ಳುವ ಕಚೇರಿಗೆ ಹೋದೆ. ಅಲ್ಲಿಯವರು ನಯವಾಗಿಯೇ ಕೂರಿಸಿ ಚಹಾ ತರಿಸಿದರು. "ಕಾಲವಿ ಒಳಗ ಬಿದ್ದದ್ದು ಕಾಲವಿಯವ್ರದು ಆಗ್ತೈತ್ರಿ," ಎಂದರು. ಪಂಚಾಯ್ತಿಯವರು, ಒಗೆದವರು ಊರಿನವರು, ಹಳ್ಳಿಯವರು ಯಾಕೆ ಹೊರಬೇಕು ಎಂದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಕೊನೆಗೆ ಹೂಳು ತೆಗೆಯಲು ಬಂದಿದ್ದ ಗುತ್ತಿಗೆದಾರನನ್ನೇ ಹಿಡಿದು, ಜೆಸಿಬಿಯಿಂದ ಎಲ್ಲವನ್ನೂ ಎತ್ತಿ ದಂಡೆಯ ಮೇಲಿನ ಗಾಡಿದಾರಿಯ ಪಕ್ಕಕ್ಕೆ ಹಾಕಿಸಿದೆ. ಕಾಲುವೆ ಖಾಲಿಯಾಯಿತು. ರಾಶಿಯನ್ನು ಸಾಗಿಸಲು ಲಾರಿ ಹುಡುಕಬೇಕಿತ್ತು, ಲಾರಿಗೆ ಮೊದಲು ಅದನ್ನು ಎಲ್ಲಿ ಇಳಿಸಬೇಕೆಂಬ ಜಾಗ ಹುಡುಕಬೇಕಿತ್ತು.

ಆ ಹುಡುಕಾಟದಲ್ಲಿದ್ದಾಗ ನಾನು ಊಹಿಸದ ಒಂದು ಸಂಗತಿ ನಡೆಯಿತು. ದಂಡೆಯ ಮೇಲಿನ ರಾಶಿ ಬೆಳೆಯತೊಡಗಿತು. ಒಂದು ಬೆಳಿಗ್ಗೆ ಟಂಟಂ ಗಾಡಿಯೊಂದು ಬಂದು ನಿಂತಿತು. ಅದರಲ್ಲಿ ಕಾಲು ಮುರಿದ ಮಂಚ, ಒಂದು ಟಿವಿ, ಮಂಚ ಹಿಡಿದು ಕುಳಿತ ಒಬ್ಬ ಹೆಂಗಸು.

"ಇದನ್ನ ಯಾಕ ತಂದೀರಿ?" ಎಂದೆ.

"ಇಲ್ಲೇ ಹಾಕಬೇಕಂತಲ್ರಿ? ಸರಕಾರದವ್ರು ಹಳೇ ಸಾಮಾನ ಕೂಡಸಾಕತ್ತ್ಯಾರ ಅಂತ ಓಣ್ಯಾಗೆಲ್ಲಾ ಹೇಳ್ಯಾರ."

ಅಲ್ಲವೆಂದು ತಿಳಿಸಿ ಹೇಳಿದೆ. ಆಕೆ ನಾಚಿಕೊಂಡು ಗಾಡಿ ತಿರುಗಿಸಲು ಹೇಳಿದಳು. ಆದರೆ ಮರುದಿನ ಅದೇ ಮಂಚ ಅದೇ ರಾಶಿಯ ಮೇಲಿತ್ತು. ಹಾಕುವವರಿಗೆ ಅದು ಕಸದಂತೆ ಕಾಣುತ್ತಿರಲಿಲ್ಲ. ಬಹಳ ದಿನ ಮನೆಯಲ್ಲಿ ಇಟ್ಟುಕೊಂಡದ್ದನ್ನು ನಾಲ್ಕು ಜನ ಇಟ್ಟ ಕಡೆ ತಾವೂ ಇಟ್ಟು ಬಂದೆವೆಂಬ ಸಮಾಧಾನ ಅವರಿಗೆ. ಒಬ್ಬರು ತಮ್ಮ ಟಿವಿಯ ಮೇಲೆ ಕಸೂತಿ ಹಾಕಿದ ಬಟ್ಟೆಯನ್ನೂ ಹಾಗೇ ಹೊದಿಸಿ ಬಿಟ್ಟುಹೋಗಿದ್ದರು.

ಅಷ್ಟರಲ್ಲಿ ಅಣೆಕಟ್ಟು ಎಂದಿಗಿಂತ ಮೊದಲೇ ತುಂಬಿತು. ನೀರು ಬಿಡುವ ದಿನವೂ ಗೊತ್ತಾದದ್ದಕ್ಕಿಂತ ಬೇಗ ಬಂತು. ನಾನು ಮೇಲಿನ ಎಂಜಿನಿಯರರಿಗೆ ಫೋನು ಮಾಡಿ, ದಂಡೆಯ ಮೇಲಿನ ರಾಶಿ ಸಾಗಿಸುವವರೆಗೆ ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡೆ.

"ರಾಶಿ ದಂಡಿ ಮ್ಯಾಲೆ ಐತೋ, ಕಾಲವಿ ಒಳಗೋ?" ಎಂದರು ಅವರು.

"ದಂಡಿ ಮ್ಯಾಲೇ ಐತ್ರಿ ಸರ್."

"ಮತ್ತ್ಯಾಕ ತಡೀಬೇಕು? ಕೊನೀ ಭಾಗದ ರೈತರು ಸಸಿ ಹಾಕ್ಕೊಂಡು ಆಕಾಶ ನೋಡಾಕತ್ತಾರ. ನಾಳೆ ನೀರು ಬರ್ತೈತಿ. ಸೈಫನ್ ಹತ್ರ ಮಂದಿ ಇಟ್ಕೊಂಡು ನಿಂದರ್ರಿ."

ಅವರು ಹೇಳಿದ್ದು ನ್ಯಾಯವಾಗಿತ್ತು. ಆದರೂ ಆ ಸಂಜೆ ಮನೆಗೆ ಹೊರಡುವ ಮೊದಲು ರಾಶಿಯನ್ನು ಇನ್ನೊಮ್ಮೆ ಸುತ್ತಿ ನೋಡಿದೆ. ಹೊಲ ಹದ ಮಾಡಲು ಕಬ್ಬಿಣದ ದೊಡ್ಡ ಚಕ್ರ ಹಾಕಿದ ಟ್ರಾಕ್ಟರುಗಳು ಆ ದಾರಿಯಲ್ಲೇ ಓಡಾಡತೊಡಗಿದ್ದವು. ರಾಶಿ ಬೆಳೆದು ಅರ್ಧ ದಾರಿಯನ್ನು ನುಂಗಿತ್ತು.

ಮರುದಿನ ಬೆಳಕು ಹರಿಯುವಾಗಲೇ ನಾವು ಸೈಫನ್ ಬಳಿ ಸೇರಿದೆವು. ಕಾಕಾ, ನಾಲ್ಕಾರು ಕೂಲಿಯವರು, ಬಿದಿರಿನ ಕೊಕ್ಕೆಗಳು, ನೂಲಿನ ಹಗ್ಗ, ಒಂದಷ್ಟು ಮರಳಿನ ಚೀಲ. ಮೊದಲು ನೀರಿನ ನಾಲಿಗೆ ಬಂತು. ಅದರ ತುದಿಯಲ್ಲಿ ನೊರೆ, ಒಣಗಿದ ಎಲೆ, ಚಪ್ಪಲಿ, ಸತ್ತ ಇಲಿ. ಪ್ರತಿವರ್ಷ ಹೀಗೇ ಎಂದರು ಕಾಕಾ. ನೀರು ಜಾಲರಿ ದಾಟಿ ಕೊಳವೆಗೆ ಇಳಿಯಿತು. ಒಳಗಿದ್ದ ಗಾಳಿ ದೊಡ್ಡದಾಗಿ ತೇಗಿದಂತೆ ಹೊರಬಂತು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಳತೆಪಟ್ಟಿಯ ಮೇಲೆ ನೀರು ಮೆಲ್ಲಗೆ ಏರಿತು. ಎಲ್ಲವೂ ಸರಿಯಾಗಿಯೇ ಇತ್ತು.

ಹೊತ್ತು ಏರಿದ ಮೇಲೆ ಕೂಲಿಯವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು, "ಎಮ್ಮಿ ಬಿದ್ದಾವ್ರಿ ಕಾಲವ್ಯಾಗ!" ಎಂದು ಕೂಗಿದ.

ದೂರದಿಂದ ಹಾಗೇ ಕಂಡಿತು. ನೀರಿನ ಮೇಲೆ ಕಪ್ಪು ಬೆನ್ನುಗಳು, ಒಂದರ ಹಿಂದೊಂದು, ಅವಸರವಿಲ್ಲದೆ ಬರುತ್ತಿದ್ದವು. ಹತ್ತಿರ ಬಂದಾಗ ಗೊತ್ತಾಯಿತು, ಅವು ಟಿವಿಗಳು. ಪಿಕ್ಚರ್ ಟ್ಯೂಬಿನ ಒಳಗೆ ಗಾಳಿಯೂ ಇರುವುದಿಲ್ಲ, ಬರೀ ಪೊಳ್ಳು. ಆದ್ದರಿಂದ ಒಡೆಯದ ಟಿವಿ ತೇಲುತ್ತದೆ. ಮುಂದಿನ ಗಾಜು ಭಾರವಾಗಿರುವುದರಿಂದ ಮುಖ ನೀರೊಳಗೆ ಹೋಗಿ, ಹಿಂದಿನ ಗೂನು ಮೇಲೆ ನಿಲ್ಲುತ್ತದೆ. ಅವುಗಳ ನಡುವೆ ಬಿಳಿಯ ಫ್ರಿಜ್ಜುಗಳು ಅಂಗಾತ ಮಲಗಿಕೊಂಡು ಬರುತ್ತಿದ್ದವು. ರಾಶಿಯನ್ನು ಯಾರೋ ಕಾಲುವೆಗೆ ತಳ್ಳಿದ್ದರು. ದಾರಿ ಬೇಕಾಗಿದ್ದ ಯಾವುದೋ ಟ್ರಾಕ್ಟರಿನವನಿರಬೇಕು. ಆಮೇಲೆ ಹೋಗಿ ನೋಡಿದಾಗ ಅಲ್ಲಿ ಚಕ್ರದ ಗುರುತುಗಳಿದ್ದವು. ಯಾರೆಂದು ಇಂದಿಗೂ ತಿಳಿದಿಲ್ಲ.

ಮೊದಲ ಟಿವಿಯನ್ನು ಕೊಕ್ಕೆ ಹಾಕಿ ದಡಕ್ಕೆ ಎಳೆದೆವು. ಎರಡನೆಯದೂ ಬಂತು. ಇಷ್ಟೇ ತಾನೆ ಎಂದು ಕೂಲಿಯವರು ಹುರುಪಾದರು. ಅಷ್ಟರಲ್ಲಿ ಒಂದರ ಹಿಂಬದಿಗೆ ಕೊಕ್ಕೆ ಬಲವಾಗಿ ಬಡಿಯಿತು. ದೊಪ್ಪನೆ ಸದ್ದಾಗಿ ನೀರು ಚಿಮ್ಮಿತು. ಕೊಕ್ಕೆ ಹಿಡಿದವನು ಮುಂಗೈ ನೋಡಿಕೊಂಡು ಸುಮ್ಮನೆ ನಿಂತ. ಮೊಣಕೈಯಿಂದ ಮಣಿಕಟ್ಟಿನವರೆಗೆ ಗಾಜು ಸೀಳಿತ್ತು. ಟವೆಲ್ ಬಿಗಿದು ಜೀಪಿನಲ್ಲಿ ಗಂಗಾವತಿಯ ಆಸ್ಪತ್ರೆಗೆ ಕಳಿಸಿದೆ. ಒಡೆದ ಟಿವಿ ನೀರು ತುಂಬಿಕೊಂಡು ಮುಳುಗಿ ಜಾಲರಿಯ ಬುಡಕ್ಕೆ ಹೋಗಿ ಕುಳಿತುಕೊಂಡಿತು. ಉಳಿದವರು ಅದರ ನಂತರ ಕೊಕ್ಕೆಯನ್ನು ಅಂಜುತ್ತಾ ಹಾಕಿದರು. ಬರುವ ಸಾಮಾನು ಅಂಜಲಿಲ್ಲ.

ಫ್ರಿಜ್ಜೊಂದು ಜಾಲರಿಯ ಎದುರು ಒಂದು ಸುತ್ತು ತಿರುಗಿ, ನೆಟ್ಟಗೆ ನಿಂತು, ಸರಳುಗಳಿಗೆ ಅಂಟಿಕೊಂಡಿತು. ನಾಲ್ವರು ಹಗ್ಗ ಎಳೆದರೂ ಅಲುಗಲಿಲ್ಲ. ಆಮೇಲೆ ಗಾದಿಗಳು ಬಂದವು. ನಿಜವಾದ ಅಪಾಯ ಅವೇ ಎಂದು ನನಗೆ ಆಗ ತಿಳಿಯಿತು. ನೀರು ಕುಡಿದ ಹತ್ತಿಯ ಗಾದಿ ಮೇಲೆ ಕಾಣುವುದೇ ಇಲ್ಲ. ಅದು ಒಳಗೊಳಗೇ ಸಾಗಿ, ಜಾಲರಿಗೆ ಹಾಸಿದಂತೆ ಅಂಟಿಕೊಳ್ಳುತ್ತದೆ; ಹಿಂದಿನ ನೀರು ಅದನ್ನು ಇನ್ನಷ್ಟು ಒತ್ತುತ್ತದೆ. ಸೈಫನ್ನಿನ ಬಾಯಲ್ಲಿದ್ದ ಗುಡುಗುವ ಸದ್ದು ಕ್ರಮೇಣ ಕಡಿಮೆಯಾಯಿತು. ನೀರಿನ ಬಳಿ ಕೆಲಸ ಮಾಡುವವರಿಗೆ ಸದ್ದಿಗಿಂತ ಸದ್ದು ನಿಲ್ಲುವುದೇ ಹೆಚ್ಚು ಭಯ.

ಆಚೆ ದಡದಲ್ಲಿ ನೀರು ಇಳಿಯುತ್ತಿತ್ತು. ನಮ್ಮ ಕಡೆ ಏರುತ್ತಿತ್ತು.

ಕಾಲುವೆ ಶುರುವಾಗುವ ಕಡೆಯ ತಲೆಗೇಟಿಗೆ ಫೋನು ಮಾಡಿ ನೀರು ನಿಲ್ಲಿಸಲು ಹೇಳಿದೆ. ಅವರು ತಕ್ಷಣ ಇಳಿಸಲು ಶುರುಮಾಡಿದರು. ಆದರೆ ಗೇಟು ಮುಚ್ಚಿದ ಕೂಡಲೇ ನೀರು ನಿಲ್ಲುವುದಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ಅಷ್ಟೂ ಉದ್ದದ ಕಾಲುವೆಯಲ್ಲಿ ಆಗಲೇ ತುಂಬಿದ್ದ ನೀರು ನಮ್ಮ ಕಡೆಗೇ ಬರುತ್ತಲೇ ಇರುತ್ತದೆ. ಸಂಜೆಯವರೆಗೂ ಬರುತ್ತದೆ.

ನಾನು ಏರಿಯ ಹೊರಬದಿಗೆ ಇಳಿದು ಬುಡವನ್ನು ನೋಡುತ್ತಾ ನಡೆದೆ. ಹಳ್ಳಿಯ ಕಡೆಗಿನ ಬದಿಯಲ್ಲಿ ಒಂದೆಡೆ ಹುಲ್ಲು ಒದ್ದೆಯಾಗಿತ್ತು. ಬಗ್ಗಿ ನೋಡಿದರೆ ಬೆರಳು ಗಾತ್ರದ ಕಣ್ಣಿನಿಂದ ನೀರು ಒಸರುತ್ತಿತ್ತು. ಸೋರುವ ನೀರು ತಿಳಿಯಾಗಿದ್ದರೆ ಇನ್ನೂ ಹೊತ್ತಿದೆ ಎಂದರ್ಥ. ಮಣ್ಣು ಹೊತ್ತು ಬಂದರೆ ದಂಡೆ ಒಳಗಿನಿಂದ ಕರಗುತ್ತಿದೆ. ಅಂಗೈಯಲ್ಲಿ ಹಿಡಿದು ನೋಡಿದೆ. ತಿಳಿಯಾಗಿತ್ತು. ಅದರ ಸುತ್ತ ಮರಳಿನ ಚೀಲಗಳ ಗುಂಡನೆಯ ಕಟ್ಟೆ ಕಟ್ಟಿಸಿದೆ. ಅಂಥ ಕಣ್ಣನ್ನು ಮುಚ್ಚಬಾರದು. ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಕಟ್ಟೆಯೊಳಗೆ ನೀರು ನಿಂತು ತನ್ನ ಭಾರದಿಂದಲೇ ಒಳಗಿನ ನೀರನ್ನು ತಡೆಯಬೇಕು. ಹಳ್ಳಿಗೆ ಆಳು ಓಡಿಸಿ, ಗುಡಿಯ ಮೈಕಿನಲ್ಲಿ ಎಲ್ಲರೂ ಎತ್ತರದಲ್ಲಿರುವ ಶಾಲೆಯ ಕಡೆ ಹೋಗಲಿ ಎಂದು ಕೂಗಿಸಿದೆ.

ಮೇಲೆ ಬಂದಾಗ ಕಾಕಾ ಅಂಗಿ ಬಿಚ್ಚಿ ನಿಂತಿದ್ದರು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಕುಡುಗೋಲು.

"ನಾ ಇಳಿತೀನ್ರಿ. ಗಾದಿ ಕೊಯ್ದು ಬಿಟ್ರ ನೀರು ಹಾದಿ ಹಿಡಿತೈತಿ. ಹಿಂದ ಜೊಂಡು ಕಟ್ಟಿದಾಗ ಹಂಗ ಮಾಡೀನಿ."

"ಅದು ಜೊಂಡು ಕಾಕಾ, ಇದು ಗಾಜು. ಗಾದಿ ಬಿಟ್ಟ ಕೂಡ್ಲೆ ಅದರ ಜಾಗಕ್ಕ ನಿಮ್ಮನ್ನ ಎಳ್ಕೋತೈತಿ. ಹಗ್ಗ ಹಿಡಿದವ್ರೂ ಬರ್ತಾರ."

"ಮತ್ತ ನಿಂತು ನೋಡೂದಾ? ಕೆಳಗ ನಮ್ಮ ಬೀಗರ ಮನಿ ಐತಿ."

"ಅಂಗಿ ಹಾಕ್ಕೋರಿ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಹಗ್ಗ ಬಿಚ್ಚಿದರು.

ಹೂಳಿನ ಗುತ್ತಿಗೆದಾರ ಜೆಸಿಬಿ ತರುತ್ತೇನೆಂದ. ಬೇಡವೆಂದೆ. ಒದ್ದೆಯಾದ ಏರಿಯ ಮೇಲೆ ಅಷ್ಟು ಭಾರದ ಯಂತ್ರ ಅದುರಿದರೆ, ನಾವು ತಡೆಯಬೇಕಾದ್ದನ್ನು ಅದೇ ಮಾಡುತ್ತದೆ.

ಉಳಿದದ್ದು ಎಸ್ಕೇಪ್ ಒಂದೇ. ಸೈಫನ್ನಿಗೆ ಸ್ವಲ್ಪ ಹಿಂದೆ, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡಲೆಂದೇ ಒಂದು ಪಕ್ಕದ ಗೇಟು ಇರುತ್ತದೆ. ಅದರಿಂದ ಹಳ್ಳದವರೆಗೆ ಒಂದು ತಗ್ಗು ಹಾದಿ. ಆ ಗೇಟು ತೆರೆದು ವರ್ಷಗಳೇ ಆಗಿದ್ದವು. ನೀರು ಕಾಣದ ಆ ಹಾದಿಯಲ್ಲಿ ಮೇಲ್ಭಾಗಕ್ಕೆ ಕೂಲಿಯವರ ಗುಡಿಸಲುಗಳೆದ್ದಿದ್ದವು. ಕುಷ್ಟಗಿ ತಾಲ್ಲೂಕಿನ ಕಡೆಯಿಂದ ನಾಟಿ ಕೆಲಸಕ್ಕೆ ಬಂದ ಕುಟುಂಬಗಳು. ಕೆಳಭಾಗದಲ್ಲಿ ಪಕ್ಕದ ಕ್ಯಾಂಪಿನ ರೈತರೊಬ್ಬರು ಹಳ್ಳದ ನೀರೆತ್ತಿ ಭತ್ತದ ಸಸಿ ಮಡಿ ಬೆಳೆಸಿದ್ದರು. ಅವರ ಹಿರಿಯರು ಆಂಧ್ರದಿಂದ ಬಂದು ನೆಲೆಸಿದವರು; ಅಂಥವರ ಊರುಗಳಿಗೆ ಇಲ್ಲಿ ಕ್ಯಾಂಪು ಎನ್ನುತ್ತಾರೆ.

ಮೇಲಿನ ಎಂಜಿನಿಯರರಿಗೆ ಮತ್ತೆ ಫೋನು ಮಾಡಿದೆ. ಅವರು ದಾರಿಯಲ್ಲಿದ್ದರು. "ಎಸ್ಕೇಪ್ ತೆಗೀಬ್ಯಾಡ್ರಿ, ಕೆಳಗ ಮಂದಿ ಅದಾರ. ನಾ ಬರೋತನ ಕಾಯ್ರಿ," ಎಂದರು. ಕಾಯುವುದೆಂದು ಒಪ್ಪಿದೆ. ಫೋನು ಇಟ್ಟು ಮತ್ತೆ ಏರಿಯ ಬುಡಕ್ಕೆ ಇಳಿದೆ. ಮರಳು ಚೀಲದ ಕಟ್ಟೆಯೊಳಗೆ ನಿಂತಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕೈಯಾಡಿಸಿದರೆ ಬೆರಳ ಸಂದಿಯಲ್ಲಿ ನುಣ್ಣನೆಯ ಮಣ್ಣು ಉಳಿಯಿತು.

ಅಲ್ಲಿಂದ ಮುಂದೆ ನಾನು ಯಾರನ್ನೂ ಕೇಳಲಿಲ್ಲ. ಕಾಕಾಗೆ ಗೇಟಿನ ತಿರುಪಿಗೆ ಎಣ್ಣೆ ಹಾಕಲು ಹೇಳಿ, ಗುಡಿಸಲುಗಳ ಕಡೆಗೆ ಓಡಿದೆ.

ಆ ಗುಡಿಸಲುಗಳನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ. ಊರು ಒಗೆದದ್ದರಿಂದಲೇ ಅವು ಎದ್ದಿದ್ದವು. ಕೂಲರಿನ ತಗಡು ಗೋಡೆಯಾಗಿತ್ತು. ಒಳಗಿನದನ್ನೆಲ್ಲ ಕಿತ್ತ ಟಿವಿ ಡಬ್ಬಿಯಲ್ಲಿ ಕೋಳಿ ಮರಿ ಮಾಡಿತ್ತು. ಮಲಗಿಸಿದ ಫ್ರಿಜ್ಜಿನ ಮುಂದೆ ಒಬ್ಬ ಮುದುಕಿ ಕುಳಿತಿದ್ದಳು.

"ಏಳ್ರಿ, ಎಲ್ಲಾರೂ ದಿಬ್ಬ ಹತ್ರಿ! ಇಲ್ಲಿ ನೀರು ಬಿಡ್ತೀವಿ!" ಎಂದು ಕೂಗಿದೆ.

ಗಂಡಸರು, ಹೆಂಗಸರು ಗಾಬರಿಯಾಗಿ ಗಂಟು ಕಟ್ಟತೊಡಗಿದರು. ಮುದುಕಿ ಏಳಲಿಲ್ಲ. ನನ್ನ ಮಾತು ಕೇಳಿ ಕತ್ತೆತ್ತಿ ನೋಡಿದಳು.

"ಯಾವೂರಾಕಿ ಯವ್ವಾ ನೀ? ನಮ್ಮ ಕಡ್ಯಾಕಿ ಮಾತಾಡಿದಂಗ ಮಾತಾಡ್ತಿ."

"ತಳಕಲ್ ಕಡ್ಯಾಕಿ. ಏಳಬೇ, ಹೊತ್ತಿಲ್ಲ."

"ನಾ ತಾವರಗೇರಾದಾಕಿ. ಅಲ್ಲಿ ನೀರಿಲ್ಲಂತ ಇಲ್ಲಿಗೆ ಬಂದ್ರ, ನಮ್ಮ ಕಡ್ಯಾಕೇ ಆಗಿ ನಮ್ಮ ಮ್ಯಾಲೆ ನೀರು ಬಿಡ್ತೀನಂತಿಯಲ್ಲ." ಆಕೆ ಫ್ರಿಜ್ಜಿನ ಬಾಗಿಲು ಎತ್ತಿ ತೋರಿಸಿದಳು. ಒಳಗೆ ತುಂಬ ಜೋಳ. "ಇದನ್ನ ಬಿಟ್ಟು ಹೋದ್ರ ಈ ಸುಗ್ಗೀತನ ನಾವೇನು ತಿನ್ನೂದು?"

ಅದನ್ನು ಎತ್ತಲು ಆಗುತ್ತಿರಲಿಲ್ಲ. ನಾನು ಅಲ್ಲೇ ಕುಳಿತು ಎರಡೂ ಕೈಯಿಂದ ಜೋಳ ಮೊಗೆದು ಚೀಲಕ್ಕೆ ತುಂಬತೊಡಗಿದೆ. ಮುದುಕಿಯ ಸೊಸೆ ಬಂದು ಸೇರಿದಳು, ಇನ್ನಿಬ್ಬರು ಬಂದರು. ಚೀಲ ತುಂಬುವಾಗ ನನ್ನ ಕಿವಿಯೆಲ್ಲ ಏರಿಯ ಕಡೆಗೇ ಇತ್ತು. ಫ್ರಿಜ್ಜಿನ ತಳ ಕಂಡ ಮೇಲೆ ಮುದುಕಿ ತಾನಾಗಿಯೇ ಎದ್ದು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದಿಬ್ಬ ಹತ್ತಿದಳು. ಒಂದೊಂದು ಗುಡಿಸಲಿನೊಳಗೂ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ಗೇಟಿಗೆ ಬಂದೆ.

ಅಲ್ಲಿ ಕ್ಯಾಂಪಿನ ಆ ರೈತರೊಬ್ಬರೇ ಗೇಟಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಕಾಕಾ ಎಣ್ಣೆಯ ಡಬ್ಬಿ ಹಿಡಿದು ಪಕ್ಕದಲ್ಲಿ.

"ತೆಗೀಬೇಡಿ ಅಮ್ಮಾ," ಎಂದರು ಆ ರೈತರು. "ಕೆಳಗೆ ನನ್ನ ಸಸಿ ಮಡಿ ಇದೆ. ಅದು ಹೋದ್ರೆ ಈ ಬೆಳೆ ಪೂರ್ತಿ ಹೋಯ್ತು. ನಿಮಗೆ ದಣ್ಣಂ ಪೆಡ್ತಾನಮ್ಮಾ, ಇನ್ನೊಂದು ಸ್ವಲ್ಪ ನೋಡಿ." ಕೈಮುಗಿಯಲು ಚಕ್ರ ಬಿಡಬೇಕಾಗುತ್ತದೆಂದು ಅವರು ತಲೆಯನ್ನಷ್ಟೇ ಬಾಗಿಸಿದರು.

"ನನ್ನ ಜೊತಿ ಬರ್ರಿ," ಎಂದೆ.

"ನಾ ಬಂದ್ರೆ ಇವರು ತೆಗೀತಾರೆ."

"ನೀವು ನೋಡೋತನ ಯಾರೂ ಮುಟ್ಟೂದಿಲ್ಲ."

ಅವರು ಬಂದರು. ಏರಿಯ ಬುಡದಲ್ಲಿ ಕಟ್ಟೆಯನ್ನು ತೋರಿಸಿದೆ. ನೀರು ಈಗ ಕೆಂಪಾಗಿ ಕುದಿಯುವಂತೆ ಉಕ್ಕುತ್ತಿತ್ತು. ಅವರು ಹುಟ್ಟಿದ್ದೇ ಕಾಲುವೆಯ ಪಕ್ಕ. ನಾನು ಏನೂ ವಿವರಿಸಬೇಕಾಗಲಿಲ್ಲ. ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು, ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ತಿರುಗಿ ಹಳ್ಳಿಯ ಕಡೆ ನೋಡಿದರು. ಗುಡಿಯ ಮೈಕು ಇನ್ನೂ ಕೂಗುತ್ತಿತ್ತು, ಮುದುಕರನ್ನು ಮಂಚದ ಮೇಲೆ ಹೊತ್ತು ಸಾಗಿಸುತ್ತಿದ್ದರು. ರೈತರು ಕೈ ಒರೆಸಿಕೊಂಡು ತಮ್ಮ ಸಸಿ ಮಡಿಗೆ ಬೆನ್ನು ಹಾಕಿ ನಡೆದುಹೋದರು. ಗೇಟಿನ ಕಡೆಗೆ ಬರಲಿಲ್ಲ.

ಗೇಟು ಸುಲಭವಾಗಿ ತೆರೆಯಲಿಲ್ಲ. ತುಕ್ಕು ಹಿಡಿದ ತಿರುಪು ಒಂದಿಂಚೂ ಜರುಗದು. ಚಕ್ರದ ಕಡ್ಡಿಗಳ ನಡುವೆ ಕಬ್ಬಿಣದ ಪೈಪು ತೂರಿಸಿ, ನಾನೂ ಸೇರಿದಂತೆ ಎಲ್ಲರೂ ತೂಗಿದೆವು. ಪೈಪು ಬಾಗಿತು. ಇನ್ನೊಂದು ತಂದೆವು. ಕಾಕಾ ಸುತ್ತಿಗೆಯಿಂದ ತಿರುಪಿನ ತಲೆಗೆ ಬಡಿಯುತ್ತಿದ್ದರು, ಬಡಿತದ ನಡುವೆ ಯಾವ ಯಾವ ದೇವರ ಹೆಸರೋ ಹೇಳುತ್ತಿದ್ದರು. ಕೊನೆಗೆ ಒಳಗೆಲ್ಲೋ ಕರ್ರನೆ ಸದ್ದಾಗಿ ಚಕ್ರ ಜರುಗಿತು. ಗೇಟಿನ ಅಡಿಯಿಂದ ನೀರು ಚಾಕುವಿನಂತೆ ತೆಳ್ಳಗೆ ಹೊರಬಂತು. ಇನ್ನೊಂದು ಸುತ್ತು. ಮತ್ತೊಂದು.

ಮೊದಲು ಗುಡಿಸಲುಗಳು ಹೋದವು. ತಗಡುಗಳು ಒಂದಕ್ಕೊಂದು ಬಡಿಯುತ್ತಾ ಹೋದವು. ಜೋಳದ ಫ್ರಿಜ್ಜು ಎದ್ದು ನಿಂತು, ಪಕ್ಕಕ್ಕೆ ವಾಲಿ, ಹಳ್ಳದ ಕಡೆ ಸಾಗಿತು. ದಿಬ್ಬದ ಮೇಲೆ ನಿಂತ ಹೆಂಗಸರು ಜೋಳದ ಚೀಲಗಳನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ನೀರು ಸಸಿ ಮಡಿಯನ್ನು ತಲುಪಿದಾಗ ಅದು ಒಮ್ಮೆ ಮಾತ್ರ ಹಸಿರಾಗಿ ಮಿನುಗಿ, ಮಣ್ಣಿನ ಬಣ್ಣವಾಯಿತು.

ಅಳತೆಪಟ್ಟಿಯ ಮುಂದೆ ಕುಳಿತು ನಾನು ನೀರನ್ನೇ ನೋಡುತ್ತಿದ್ದೆ. ಏರುವುದು ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು; ಇಳಿಯುತ್ತದೋ ಏರುತ್ತದೋ ಎಂದು ಹೇಳಲಾಗದ ಹೊತ್ತು ಅದು. ಆಮೇಲೆ ಗೋಡೆಯ ಮೇಲೆ ಒದ್ದೆಯ ಒಂದು ಸಣ್ಣ ಅಂಚು ಕಂಡಿತು. ಇಳಿಯುತ್ತಿತ್ತು. ಮೇಲಿನ ಎಂಜಿನಿಯರರು ಬಂದಾಗ ಸಂಜೆಯ ಬಿಸಿಲು. ಅವರು ತೆರೆದ ಗೇಟನ್ನು ನೋಡಿದರು, ಏರಿಯ ಬುಡಕ್ಕೆ ಇಳಿದು ಬಂದರು. "ಚೀಲ ಇನ್ನೂ ತರ್ಸ್ರಿ," ಎಂದಷ್ಟೇ ಹೇಳಿದರು.

ಕಾಲುವೆ ಬರಿದಾದ ಮೇಲೆ ಜಾಲರಿಯನ್ನು ಬಿಡಿಸಿದೆವು. ಗಾದಿಗಳನ್ನು ಕುಡುಗೋಲಿನಿಂದ ತುಂಡು ತುಂಡಾಗಿ ಕೊಯ್ಯಬೇಕಾಯಿತು. ಕೆಲವು ಸರಳುಗಳು ಬಿಲ್ಲಿನಂತೆ ಬಾಗಿದ್ದವು. ಅವುಗಳ ಸಂದಿಯಲ್ಲಿ ನುಸುಳಿದ ಒಂದು ಟಿವಿ ಕೊಳವೆಯೊಳಗೇ ಒಡೆದಿತ್ತು. ಗಾಜನ್ನು ಗೋಣಿಚೀಲ ಸುತ್ತಿದ ಕೈಗಳಿಂದ ಆರಿಸಿದೆವು. ಏರಿಯನ್ನು ಸೋರಿದ ಕಡೆ ಅಗೆದು, ಹೊಸ ಮಣ್ಣು ಹಾಕಿ ಬಡಿದು ಗಟ್ಟಿಮಾಡಿದೆವು. ಒಳಗೆ ತೋಳು ತೂರುವಷ್ಟು ದೊಡ್ಡ ಸುರಂಗವಾಗಿತ್ತು. ಕಾಕಾ ಅದರೊಳಗೆ ಕೈಯಿಟ್ಟು, ಭುಜದವರೆಗೂ ಹೋದಾಗ ಹೊರತೆಗೆದು, ಗುದ್ದಲಿಯನ್ನು ತಾವೇ ಕೈಗೆ ತೆಗೆದುಕೊಂಡರು.

ತಾವರಗೇರಾದ ಮುದುಕಿ ಬಂದು ರಾಶಿಯಲ್ಲಿನ ಒಂದು ಫ್ರಿಜ್ಜು ಕೇಳಿದಳು. ಬಾಗಿಲು ಬಿಚ್ಚಿಸಿ ಕೊಟ್ಟೆ.

"ಬಾಗಲಾ ಇಲ್ದ ಇಲಿ ಬರ್ತಾವಲ್ಲ ಯವ್ವಾ?"

"ತಗಡು ಮುಚ್ಚಬೇ. ನಿನ್ನ ಮೊಮ್ಮಕ್ಕಳು ಆಟ ಆಡ್ತ ಒಳಗ ಕುಂತು ಬಾಗಲಾ ಹಾಕ್ಕೊಂಡ್ರ ಉಸಿರು ಸಿಗಂಗಿಲ್ಲ."

ಆಕೆ ಫ್ರಿಜ್ಜಿನೊಳಗೆ ಒಮ್ಮೆ ಇಣುಕಿ, "ಹಂಗಾರ ಬ್ಯಾಡ ಬಿಡು ಬಾಗಲಾ," ಎಂದಳು.

ಈಗ ಎಲ್ಲ ಕಚೇರಿಗಳೂ ಬಂದವು. ಲಾರಿ ಬಂತು. ಬೇರೆ ಜಿಲ್ಲೆಯಲ್ಲಿ ಇಂಥ ಗಾಜನ್ನು ಬಿಡಿಸಿ ವಿಲೇವಾರಿ ಮಾಡುವ ಕಾರ್ಖಾನೆಯೊಂದು ಟಿವಿಗಳನ್ನು ತೆಗೆದುಕೊಳ್ಳಲು ಒಪ್ಪಿತು. ರಾಶಿ ಹೋಯಿತು. ಮರುದಿನ ಬೆಳಿಗ್ಗೆ ನೀರು ಬಿಡುವುದೆಂದು ನಿಶ್ಚಯವಾಯಿತು.

ಆದರೆ ಟಿವಿ ಒಯ್ಯುವ ಲಾರಿ ಬಂದಿದೆಯೆಂಬ ಸುದ್ದಿ ಊರಿಗೆ ಹರಡಿತ್ತು. ಲಾರಿ ಹೋದ ಮಧ್ಯಾಹ್ನದಿಂದಲೇ ಗಾಡಿಗಳು ಬರತೊಡಗಿದವು. ತಳ್ಳುಗಾಡಿ, ಟಂಟಂ, ಬೈಕಿನ ಹಿಂದೆ ಕಟ್ಟಿಕೊಂಡವರು. ಲಾರಿ ಇಲ್ಲವೆಂದು ಹೇಳಿದರೆ, ಇಳಿಸಿದ್ದನ್ನು ಮತ್ತೆ ಯಾರು ಹೊರುತ್ತಾರೆ, ನಾಳೆ ಬಂದಾಗ ಒಯ್ಯಲಿ ಎಂದರು. ಸಂಜೆಯ ಹೊತ್ತಿಗೆ ದಂಡೆಯ ಮೇಲೆ ಮೊದಲಿನಷ್ಟೇ ದೊಡ್ಡ ರಾಶಿ ಕುಳಿತಿತ್ತು. ಅದೇ ತಿರುವು. ಅದೇ ಅರ್ಧ ದಾರಿ.

ನಾನು ಫೋನು ಮಾಡಿದೆ. "ಸರ್, ನಾಳೆ ನೀರು ಬ್ಯಾಡ್ರಿ. ರಾಶಿ ಹೋಗೋತನ ನಾನು ನೀರು ತಗೊಳ್ಳೂದಿಲ್ಲ."

"ರೈತರು ಕಚೇರಿಗೆ ಬಂದು ಕುಂದರ್ತಾರ ನೋಡ್ರಿ."

"ಇಲ್ಲಿಗೇ ಕಳಸ್ರಿ. ಬರೂಮುಂದ ಟ್ರಾಕ್ಟರ್ ತರಾಕ ಹೇಳ್ರಿ."

"ಹೇಳ್ತೀನಿ," ಎಂದರು.

ಬೆಳಿಗ್ಗೆ ಅವರು ಸಿಟ್ಟಿನಿಂದಲೇ ಬಂದರು. ಹೆಂಗಸು ಹೇಳಿದಳೆಂದು ನೀರು ನಿಲ್ಲುತ್ತದೆಯೇ ಎಂದು ಒಬ್ಬರು ಕೂಗಿದರು. ನಾನು ಅವರನ್ನು ಬಾಗಿದ ಸರಳುಗಳ ಬಳಿಗೆ ಕರೆದೊಯ್ದೆ, ಏರಿಯ ಹೊಸ ಮಣ್ಣನ್ನು ತೋರಿಸಿದೆ. ಕೂಗು ಪೂರ್ತಿ ನಿಲ್ಲಲಿಲ್ಲ. ಆಗ ಹಿಂದಿನಿಂದ ಒಂದು ಟ್ರಾಕ್ಟರ್ ಜನರನ್ನು ಬಳಸಿಕೊಂಡು ಬಂದು ರಾಶಿಯ ಪಕ್ಕ ನಿಂತಿತು. ಓಡಿಸುತ್ತಿದ್ದವರು ಸಸಿ ಮಡಿ ಕಳೆದುಕೊಂಡ ರೈತರು. ಆ ದಿನದ ನಂತರ ನಾನು ಅವರನ್ನು ಕಂಡಿರಲಿಲ್ಲ. ನವಲಿಯ ನೆಂಟರು ಸಸಿ ಕೊಟ್ಟಿದ್ದಾರೆಂದು, ಅವರಿಗೂ ನಾಟಿಗೆ ಈ ನೀರೇ ಬೇಕೆಂದು ಕಾಕಾ ಹೇಳಿದ್ದರು.

ಟ್ರೇಲರಿನಲ್ಲಿ ಆಗಲೇ ಒಂದು ಟಿವಿ ಇತ್ತು. ಗೋಣಿಚೀಲದ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿದ್ದರು.

"ಇದು ನಮ್ಮ ಮನೇದು," ಎಂದರು ನನ್ನ ಮುಖ ನೋಡದೆ. "ನೀರು ಬಂದ ಮೇಲೆ ಕಾಲುವೆಗೆ ಹಾಕೋಣ ಅಂತ ಅಂಗಳದಲ್ಲಿ ಇಟ್ಟಿದ್ದೆ."

ಅವರು ಇಳಿದು ರಾಶಿಯಿಂದ ಒಂದು ಟಿವಿ ಎತ್ತಿ ಅದರ ಪಕ್ಕದಲ್ಲಿ ಇಟ್ಟರು. ಆಮೇಲೆ ಇನ್ನೊಂದು. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಕೈ ಹಚ್ಚಿದರು. ಕಸದ ಕಚೇರಿಯವರು ಬೀಗ ತೆಗೆದುಕೊಟ್ಟ, ಸಂತೆ ಮೈದಾನದ ಹಿಂದಿನ ಖಾಲಿ ಗೋದಾಮಿಗೆ ಟ್ರಾಕ್ಟರುಗಳು ಮಧ್ಯಾಹ್ನದವರೆಗೂ ಓಡಾಡಿದವು.

ರಾಶಿ ಹೋದ ಮೇಲೆ ನಾನು ಕಾಲುವೆಗೆ ಇಳಿದು ತಿರುವಿನಿಂದ ಸೈಫನ್ನಿನವರೆಗೆ ಒಬ್ಬಳೇ ನಡೆದೆ. ಜಾಲರಿಗೆ ಕೈಯಿಟ್ಟು ನೋಡಿ, ಮೇಲೆ ಹತ್ತಿ ಬಂದು, ನೀರು ಬಿಡಲು ಹೇಳಿದೆ.

ನೀರು ಬಂತು. ನೊರೆ, ಎಲೆ, ಚಪ್ಪಲಿಯೊಂದು. ರೈತರು, ಕೂಲಿಯವರು, ಕಾಕಾ ಎಲ್ಲರೂ ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ಜಾಲರಿಯ ಮುಂದೆ ನೀರು ಒಮ್ಮೆ ಸುತ್ತಿ, ಕೊಳವೆಯ ಕತ್ತಲಿಗೆ ಇಳಿಯಿತು. ಹಳ್ಳದ ಆಚೆ ದಡದಲ್ಲಿ ಅದು ಮೇಲೆ ಬಂದದ್ದನ್ನು ಕಂಡ ಮೇಲೆಯೇ ರೈತರು ತಮ್ಮ ಟ್ರಾಕ್ಟರುಗಳ ಕಡೆ ತಿರುಗಿದರು.